ಆಯ್ತಪ್ಪ ಅಂದಮೇಲಿನ ಫೋಟೋ

ಅವನ ನಿಜವಾದ ಹೆಸರು ಅಂಗಡಿಯ ಬೋರ್ಡಿನ ಮೇಲೆ ಇತ್ತು. ಬೋರ್ಡು ಬಿಸಿಲಿಗೆ ಮಾಸಿ, ‘ಸ್ಟುಡಿಯೋ’ ಎಂಬ ಮೂರಕ್ಷರ ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಿಹೋಗಿ ಎಷ್ಟೋ ವರ್ಷಗಳಾದವು. ಅದನ್ನು ಮತ್ತೆ ಬರೆಸಬೇಕೆಂದು ಅವನಿಗಾಗಲಿ ಅವನ ಹೆಂಡತಿಗಾಗಲಿ ಅನ್ನಿಸಿಲ್ಲ. ಬರೆಸಿದರೂ ಓದುವವರು ಯಾರು? ಊರಿಗೆಲ್ಲ ಅವನು ಆಯ್ತಪ್ಪ. ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವನ ಬಾಯಿಯೇ ಅವನಿಗೆ ತಂದುಕೊಟ್ಟ ಹೆಸರು.

ಫೋಟೋ ತೆಗೆಯುವಾಗ ಎಲ್ಲರಂತೆ ಅವನೂ ‘ಒಂದು, ಎರಡು, ಮೂರು’ ಎನ್ನುತ್ತಾನೆ. ಎದುರಿಗಿದ್ದವರು ಉಸಿರು ಬಿಗಿಹಿಡಿದು, ಎದೆ ಮುಂದೆ ಮಾಡಿ, ಹಲ್ಲುನೋವು ಬಂದವರಂತೆ ನಗುತ್ತಾರೆ. ಅವನು ಒಂದು ಸಲ ಕ್ಲಿಕ್ಕಿಸುತ್ತಾನೆ. ಆಮೇಲೆ ಮುಖವೆತ್ತಿ, ದೊಡ್ಡದೊಂದು ಕೆಲಸ ಮುಗಿಯಿತು ಎಂಬ ಧ್ವನಿಯಲ್ಲಿ, “ಆಯ್ತಪ್ಪಾ!” ಎನ್ನುತ್ತಾನೆ. ಅಷ್ಟೇ ಸಾಕು. ಬಿಗಿದ ಭುಜಗಳು ಇಳಿಯುತ್ತವೆ, ಅಣ್ಣ ತಮ್ಮನ ಪಕ್ಕೆಗೆ ತಿವಿಯುತ್ತಾನೆ, ಅತ್ತೆ ಸೊಸೆಯ ಕಿವಿಯಲ್ಲಿ ಏನೋ ಉಸುರುತ್ತಾಳೆ, ಸೊಸೆಗೆ ನಗು ತಡೆಯಲಾಗುವುದಿಲ್ಲ. ಆಗ, ಕ್ಯಾಮರಾ ಎತ್ತಿದ್ದು ಯಾರಿಗೂ ಗೊತ್ತಾಗದಂತೆ, ಅವನು ಇನ್ನೊಂದು ತೆಗೆಯುತ್ತಾನೆ. ಜನ ಒಯ್ದು ಗೋಡೆಗೆ ಹಾಕಿಕೊಳ್ಳುವುದು ಆ ಎರಡನೆಯದನ್ನು. ಮೊದಲನೆಯದು ಬರೀ ಹೆಸರಿಗೆ.

ಅವನ ದಿನ ಬೆಳಿಗ್ಗೆ ಎಂಟೂವರೆಗೆ ಕಿವಿಗಳಿಂದ ಶುರುವಾಗುತ್ತದೆ. ಹತ್ತಡಿಗೆ ಎಂಟಡಿಯ ಕೋಣೆ, ಒಂದು ಬಿಳಿ ಪರದೆ, ಒಂದು ನೀಲಿ ಪರದೆ, ಕನ್ನಡಿಗೆ ದಾರದಿಂದ ಕಟ್ಟಿಹಾಕಿದ ಬಾಚಣಿಗೆ, ಒಂದು ಕಾಲಿಗೆ ಮಡಿಸಿದ ರಟ್ಟು ಕೊಟ್ಟು ನಿಲ್ಲಿಸಿದ ಅವನಪ್ಪನ ಕಾಲದ ಸ್ಟೂಲು. ಮೊಳೆಗೆ ನೇತುಹಾಕಿದ ಒಂದೇ ಒಂದು ಕರಿ ಕೋಟಿದೆ. ಸಣಕಲರಿಗೂ ದಢೂತಿಗಳಿಗೂ ಅದೇ ಆಗಬೇಕು. ಸಣಕಲರಿಗೆ ಬೆನ್ನಿಗೆ ಕ್ಲಿಪ್ಪು ಹಾಕಿ ಬಿಗಿ ಮಾಡುತ್ತಾನೆ, ದಢೂತಿಗಳಿಗೆ ಬೆನ್ನ ಹೊಲಿಗೆ ಬಿಚ್ಚಿಟ್ಟಿದ್ದಾನೆ. ಮುಂದಿನಿಂದ ನೋಡಿದರೆ ಎಲ್ಲರೂ ಸಾಹೇಬರೇ.

“ಕೂದಲು ಹಿಂದಕ್ಕೆ ತಗೊಳ್ಳಮ್ಮ, ಎರಡು ಕಿವಿನೂ ಕಾಣ್ಬೇಕು,” ಎನ್ನುತ್ತಾನೆ ಗುರುತಿನ ಕಾರ್ಡಿನ ಫೋಟೋಕ್ಕೆ ಬಂದ ಹುಡುಗಿಗೆ.

“ಕಿವಿ ಯಾಕಣ್ಣ?”

“ಆಫೀಸಿನೋರಿಗೆ ನಮ್ಮ ಮಾತು ಕೇಳ್ಸಲ್ಲಮ್ಮ. ನಮ್ಗಾದ್ರೂ ಕಿವಿ ಇದೆಯಾ ಅಂತ ನೋಡ್ಕೋತಾರೆ.”

ಹುಡುಗಿ ನಗುತ್ತಾಳೆ. ನಗಬಾರದೆಂಬುದು ಆ ಫೋಟೋದ ನಿಯಮ. ಅವನು ನಗು ಮುಗಿಯುವವರೆಗೆ ಕಾದು, ನಗು ಹೋಗಿ ಅದರ ಬೆಳಕಿನ್ನೂ ಮುಖದಲ್ಲಿರುವಾಗ ಒತ್ತುತ್ತಾನೆ. ನಿಯಮಕ್ಕೆ ನಿಯಮವೂ ಆಯಿತು, ಹುಡುಗಿ ಕಳ್ಳಿಯಂತೆ ಕಾಣುವುದೂ ತಪ್ಪಿತು. ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಅವನ ಹೆಂಡತಿ ಫೋಟೋ ಅಚ್ಚು ಹಾಕಿ, ಎಂಟೆಂಟಾಗಿ ಕತ್ತರಿಸಿ, ಕವರಿಗೆ ಹಾಕಿ ಕೊಡುತ್ತಾಳೆ. ಕತ್ತರಿ ಕೈಯಲ್ಲಿದ್ದಷ್ಟು ಹೊತ್ತು ಅವಳ ನಾಲಿಗೆಯೂ ಅಷ್ಟೇ ಹರಿತ.

ಹತ್ತೂವರೆಗೆ ಸ್ಕೂಟರು ಹೊರಡುತ್ತದೆ. ಸಣ್ಣ ಕ್ಯಾಮರಾ ಕೊರಳಲ್ಲಿ, ದೊಡ್ಡದು ಬೆನ್ನಿನ ಚೀಲದಲ್ಲಿ. ವಿಮೆಗಾಗಿ ನಜ್ಜುಗುಜ್ಜಾದ ವ್ಯಾನಿನ ಬಾಗಿಲು, ನಾಲ್ಕು ತಿಂಗಳ ಕೂಸಿನ ಕಾರ್ಡಿನ ಫೋಟೋ, ಬಾಡಿಗೆಗೆ ಕೊಡುವ ಮನೆಯ ಕೋಣೆಗಳು, ಓಟದಲ್ಲಿ ಗೆದ್ದವರು, ಸೋತು ಅಳುತ್ತಿರುವವರು. ಒಂದು ಸಲ ರಸ್ತೆ ಕಂತ್ರಾಟುದಾರ ಕರೆಸಿಕೊಂಡ. ಗುಂಡಿ ಬಿದ್ದ ರಸ್ತೆ ತೋರಿಸಿ ‘ಮೊದಲು’ ಎಂದು ಒಂದು ಫೋಟೋ ತೆಗೆಸಿದ. ಆಮೇಲೆ ಪಕ್ಕದ ಬೀದಿಯ ನುಣ್ಣನೆಯ ರಸ್ತೆಗೆ ಕರೆದುಕೊಂಡು ಹೋಗಿ, “ಇದು ಆಮೇಲಿಂದು, ತೆಗಿ,” ಎಂದ. ಆಯ್ತಪ್ಪ ಲೆನ್ಸಿನ ಮುಚ್ಚಳ ಹಾಕಿ, “ಆಮೇಲಿನ ಫೋಟೋ ಆಮೇಲೆ ಸಾರ್,” ಎಂದು ಸ್ಕೂಟರು ಒದ್ದ. ಆ ಗುಂಡಿ ಇನ್ನೂ ಇದೆ. ಆ ಕಂತ್ರಾಟುದಾರನ ಕೆಲಸ ಮತ್ತೆ ಅವನಿಗೆ ಬರಲಿಲ್ಲ. ಅದಕ್ಕಾಗಿ ಅವನು ತಲೆ ಕೆಡಿಸಿಕೊಂಡಿದ್ದನ್ನೂ ಯಾರೂ ಕಂಡಿಲ್ಲ.

ಸಾವಿನ ಮನೆಯಿಂದಲೂ ಕರೆ ಬರುತ್ತದೆ. ದೂರದ ಊರಲ್ಲಿರುವವರಿಗೆ, ಬರಲಾಗದವರಿಗೆ ಕೊನೆಯ ಮುಖ ತೋರಿಸಬೇಕಲ್ಲ. ಅಲ್ಲಿ ಮಾತ್ರ ಆ ಮಾತು ಅವನ ಬಾಯಿಂದ ಬರುವುದಿಲ್ಲ. ಕೆಲಸ ಮುಗಿದಾಗ ಮನೆಯವರ ಕಡೆ ತಿರುಗಿ ತಲೆ ಬಗ್ಗಿಸಿ, ಸದ್ದಿಲ್ಲದೆ ಹೊರಗೆ ಬರುತ್ತಾನೆ. ಇಂಥವನನ್ನು ಮೆಚ್ಚದೆ ಇರುವುದು ಹೇಗೆ ಹೇಳಿ.

ಆದರೆ ಊರೆಂದರೆ ಊರು. ಒಂದಲ್ಲ ಒಂದು ದಿನ ಗುಟ್ಟು ರಟ್ಟಾಗಲೇಬೇಕಿತ್ತು. ಗುಟ್ಟು ಒಡೆದವನು ದರ್ಜಿ. ಮಗಳ ಮದುವೆಯ ಆಲ್ಬಮ್ಮು ನೋಡುತ್ತ, “ನಾನು ಇಷ್ಟು ಚೆನ್ನಾಗಿ ನಕ್ಕಿದ್ದು ಯಾವಾಗ? ಆಯ್ತಪ್ಪ ಅಂದಮೇಲೆ!” ಎಂದು ಕೂಗಿದನಂತೆ. ಅಲ್ಲಿಂದ ಶುರುವಾಯಿತು ಪೀಕಲಾಟ. ‘ಒಂದು, ಎರಡು, ಮೂರು’ ಎಂದರೆ ಜನ ಮೂಗು ಕೆರೆದುಕೊಂಡು ಆರಾಮವಾಗಿ ನಿಲ್ಲತೊಡಗಿದರು. ‘ಆಯ್ತಪ್ಪಾ’ ಎಂದ ಕೂಡಲೇ ಕಂಬದಂತೆ ಸೆಟೆದು ಹಲ್ಲು ಕಿರಿಯತೊಡಗಿದರು. ಇದು ಎಲ್ಲಿಗೆ ಮುಟ್ಟಿತೆಂದರೆ, ಕ್ಷೌರದ ಅಂಗಡಿಯವನು ಗಡ್ಡ ಹೆರೆದು “ಆಯ್ತಪ್ಪ” ಎಂದರೆ ಗಿರಾಕಿಗಳು ಕನ್ನಡಿಯ ಕಡೆ ಕತ್ತು ನೀಳ ಮಾಡಿ ನಗುತ್ತ ಕೂತುಬಿಡುತ್ತಿದ್ದರು, ಎಬ್ಬಿಸಬೇಕಾಗುತ್ತಿತ್ತು. ಶಾಲೆಯಲ್ಲಿ ಮೇಷ್ಟರು ಪಾಠ ಮುಗಿಸಿ ಬಾಯ್ತಪ್ಪಿ ಆ ಮಾತು ಆಡಿದರೆ ಇಡೀ ತರಗತಿ ಗದ್ದ ಎತ್ತಿ ಮುಗುಳ್ನಗುತ್ತಿತ್ತು. ಬೇರೆ ಊರಿನವರು ಯಾರಾದರೂ ಕಂಡಿದ್ದರೆ, ಇಲ್ಲಿನ ಜನಕ್ಕೆ ಏನೋ ಆಗಿದೆ ಎಂದುಕೊಳ್ಳಬೇಕಿತ್ತು.

ಶಾಲೆಯ ಮಟ್ಟಿಗಾದರೂ ಈ ಪೀಕಲಾಟದಿಂದ ಅವನನ್ನು ಪಾರು ಮಾಡಿದವಳು ಅಲ್ಲಿನ ಆಯಾ. ಮಕ್ಕಳ ಬಾಯಲ್ಲಿ ಆಯಮ್ಮ. ಆಯ್ತಪ್ಪ, ಆಯಮ್ಮ ಎಂಬ ಎರಡು ಹೆಸರನ್ನೂ ಒಟ್ಟಿಗೆ ಕೇಳಿದ ಹೊಸ ಟೀಚರೊಬ್ಬರು ಇವರು ಗಂಡ ಹೆಂಡತಿ ಎಂದೇ ತಿಳಿದಿದ್ದರು. ಆಯಮ್ಮ ಅವನಿಗಿಂತ ಎಂಟು ವರ್ಷ ದೊಡ್ಡವಳು. ಅವನು ‘ಅಕ್ಕಾ’ ಎನ್ನುತ್ತಾನೆ. ಆಕೆ ಮನಸ್ಸು ಚೆನ್ನಾಗಿದ್ದರೆ ‘ತಮ್ಮಾ’, ಇಲ್ಲದಿದ್ದರೆ ‘ಏ ಆಯ್ತಪ್ಪ’.

ವರ್ಷಕ್ಕೊಮ್ಮೆ ಇಡೀ ಶಾಲೆಯ ಫೋಟೋ. ಮೆಟ್ಟಿಲ ಮೇಲೆ ನಾನೂರು ಮಕ್ಕಳು. ಅಂಗಿಯ ಗುಂಡಿ ಹಾಕಿ, ಮೂಗು ಒರೆಸಿ, ಕುಳ್ಳರನ್ನು ಮುಂದಕ್ಕೆ ಎಳೆದು, ಉದ್ದನೆಯವರನ್ನು ಹಿಂದಕ್ಕೆ ತಳ್ಳಿ ನಿಲ್ಲಿಸುವುದು ಆಯಮ್ಮನ ಪಾಲಿನ ಕೆಲಸ. ಆಮೇಲೆ ಹೆಗಲಿಗೆ ಟವೆಲ್ಲು ಹಾಕಿಕೊಂಡು ಕ್ಯಾಮರಾದ ಎಡಗಡೆ ಬಂದು ನಿಲ್ಲುತ್ತಾಳೆ. ಅವನು ‘ಒಂದು, ಎರಡು, ಮೂರು’ ಎಂದೂ ಆಯಿತು, ‘ಆಯ್ತಪ್ಪಾ’ ಎಂದೂ ಆಯಿತು, ಮಕ್ಕಳು ಸೆಟೆದದ್ದು ಸೆಟೆದೇ ಇದ್ದಾರೆ. ಆಗ ಆಕೆ ಗಂಟಲು ಹರಿಯುವಂತೆ ಕೂಗುತ್ತಾಳೆ: “ಮೂರನೇ ಸಾಲು! ಬಿಸ್ಕತ್ತು ಬಾಯಲ್ಲಿ ಇಟ್ಕೊಂಡಿರೋನು ನುಂಗು ಬೇಗ!” ಮೂರನೇ ಸಾಲಿನಲ್ಲಿ ಐದು ಜನ ಒಟ್ಟಿಗೆ ಗುಟುಕ್ಕೆಂದು ನುಂಗುತ್ತಾರೆ. ಉಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವನು ಒತ್ತುತ್ತಾನೆ. ಗುಟ್ಟು ರಟ್ಟಾಗುವ ಮೊದಲಿನವೂ ಆಮೇಲಿನವೂ ಸೇರಿ ಮೂವತ್ತು ವರ್ಷದ ಮೂವತ್ತು ಫೋಟೋ. ಒಂದರಲ್ಲೂ ಆಯಮ್ಮ ಇಲ್ಲ.

ಈ ವರ್ಷ ಆಕೆಗೆ ನಿವೃತ್ತಿ. ಶಾಲೆಯ ಪಡಸಾಲೆಯಲ್ಲಿ ಏಳು ಜನ ಹಳೆಯ ಮುಖ್ಯೋಪಾಧ್ಯಾಯರ ಫೋಟೋಗಳಿವೆ. ಎಂಟನೆಯ ಚೌಕಟ್ಟು ಆಯಮ್ಮನದು ಎಂದು ಈಗಿನ ಹೆಡ್‌ಮೇಡಂ ಕಡ್ಡಿ ಮುರಿದಂತೆ ಹೇಳಿದರು. ಶುಕ್ರವಾರ ಶಾಲೆಯ ಫೋಟೋ, ಶನಿವಾರ ಬೀಳ್ಕೊಡುಗೆ, ಭಾನುವಾರ ಆಯಮ್ಮ ಪೆಟ್ಟಿಗೆ ಕಟ್ಟಿಕೊಂಡು ತಂಗಿಯ ಊರಿಗೆ. ಶನಿವಾರದೊಳಗೆ ಗೋಡೆಗೆ ಫೋಟೋ ಬೇಕು. ಕೊಡಬೇಕಾದವನು ಆಯ್ತಪ್ಪ.

ಆಯಮ್ಮ ತನ್ನ ಕೆಲಸದ ಗುರುತುಚೀಟಿ ತಂದುಕೊಟ್ಟಳು. “ಇದನ್ನೇ ದೊಡ್ಡದು ಮಾಡಿ ಹಾಕು.”

ಅವನು ನೋಡಿದ. ಬಾಯಿಗೆ ಬೀಗ ಜಡಿದು, ಯಾರದೋ ಬೈಗುಳ ಕೇಳುತ್ತ ನಿಂತವಳಂತೆ ಇದ್ದಳು ಅದರಲ್ಲಿ. ನಾನೂರು ಮಕ್ಕಳನ್ನು ಒಂದೇ ಮಾತಿಗೆ ನಗಿಸುವ ಹೆಂಗಸು!

“ಇದು ಹಾಕಿದ್ರೆ ಮಕ್ಕಳು ಯಾರಿದು ಅಂತಾರೆ ಅಕ್ಕಾ. ಬನ್ನಿ, ಹೊಸದು ತೆಗೀತೀನಿ.”

“ಬೇಡ. ನನ್ನ ಮುಖ ಫೋಟೋಕ್ಕೆ ಬರಲ್ಲ.”

ಅವನು ಪಟ್ಟು ಬಿಡಲಿಲ್ಲ. ಟೀ ಕುಡಿಯುವಾಗ ಹೋದ, ಗಂಟೆ ಹೊಡೆಯುವಾಗ ಹೋದ, ಮಕ್ಕಳಿಗೆ ಬೈಯುತ್ತಿದ್ದಾಗ ಕಂಬದ ಮರೆಯಲ್ಲಿ ನಿಂತ. ಕ್ಯಾಮರಾ ಎತ್ತುವುದೇ ತಡ, ಆಕೆಯ ತುಟಿ ಬಿಗಿದುಕೊಳ್ಳುತ್ತಿತ್ತು. ‘ಆಯ್ತಪ್ಪಾ’ ಎಂದರೂ ಅರ್ಧ ತಾಸು ಹಾಗೇ ಇರಬಲ್ಲಳು. ಅವನ ಒಂದೊಂದು ವರಸೆಯನ್ನೂ ಮೂವತ್ತು ವರ್ಷ ಪಕ್ಕದಲ್ಲೇ ನಿಂತು ನೋಡಿದವಳ ಮುಂದೆ ಯಾವ ಆಟ ನಡೆದೀತು?

“ಯಾಕಕ್ಕಾ ಇಷ್ಟು ಹಟ?” ಎಂದು ಒಂದು ಮಧ್ಯಾಹ್ನ ಕೇಳಿಯೇಬಿಟ್ಟ. ಮಕ್ಕಳು ಒಳಗಿದ್ದರು. ಆಯಮ್ಮ ಮೆಟ್ಟಿಲ ಮೇಲೆ ಕೂತು ಕಿತ್ತುಹೋದ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು.

“ಹಟ ಅಲ್ಲ ತಮ್ಮಾ. ನಲವತ್ತು ವರ್ಷದ ಹಿಂದೆ ನನ್ನ ಮದುವೇಲಿ ಫೋಟೋ ತೆಗೆದಿದ್ದು ನಿಮ್ಮಪ್ಪ,” ಎಂದಳು. ದಾರ ಹಲ್ಲಿನಿಂದ ಕಡಿದಳು. “ಎಲ್ಲರ ಮುಂದೆ ಹೇಳಿದ್ರು. ‘ಬಾಯಿ ಮುಚ್ಚಮ್ಮ, ಹಲ್ಲು ಕಾಣ್ತಿದೆ, ಫೋಟೋ ಕೆಡುತ್ತೆ’ ಅಂತ. ಎಲ್ಲರೂ ನಕ್ಕರು. ಇವರೂ ನಕ್ಕರು, ಅದೇ ನನ್ನ ಗಂಡ. ನಾನೂ ನಕ್ಕೆ, ಬಾಯಿ ಮುಚ್ಕೊಂಡೇ. ಆವತ್ತಿಂದ ಕ್ಯಾಮರಾ ಕಂಡ್ರೆ ಬಾಯಿ ತಾನಾಗೇ ಮುಚ್ಕೊಳ್ಳುತ್ತೆ, ನಾನೇನು ಮಾಡ್ಲಿ?”

ಆಯ್ತಪ್ಪ ಮೆಟ್ಟಿಲ ಮೇಲೆ ಬಿದ್ದಿದ್ದ ಗುಂಡಿಯೊಂದನ್ನು ಎತ್ತಿ ಆಕೆಯ ಕೈಗಿಟ್ಟ.

“ನೀನು ಮುಖ ಸಪ್ಪಗೆ ಮಾಡ್ಕೋಬೇಡ. ಅವರು ಕೆಟ್ಟವರಲ್ಲ. ಕೆಲಸದ ಮೇಲೆ ಹೇಳಿದ್ದು. ನನ್ನ ಹಲ್ಲು ಉಬ್ಬು ಇರೋದೂ ಸುಳ್ಳಲ್ಲವಲ್ಲ.”

ಅಪ್ಪ ಕೆಟ್ಟವರಲ್ಲ, ಅದು ಅವನಿಗೂ ಗೊತ್ತು. ಕ್ಯಾಮರಾ ಹಿಡಿಯುವುದನ್ನು ಕಲಿಸಿದವರು ಅವರು, ಆ ಸ್ಟೂಲು ಅವರದು. ಆದರೆ ಒಂದು ಮಾತಿಗೆ ಒಬ್ಬ ಹೆಂಗಸು ನಲವತ್ತು ವರ್ಷ ಬಾಯಿ ಮುಚ್ಚಿಕೊಂಡು ಬಿಟ್ಟಳಲ್ಲ! ತಾನೂ ಹೀಗೆ ಯಾರ್‍ಯಾರಿಗೆ ಏನೇನು ಅಂದಿದ್ದೇನೋ ಎಂದು ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ನೆನೆಸಿಕೊಂಡ. ಅಪ್ಪ ಕೆಡಿಸಿದ್ದನ್ನು ಸರಿ ಮಾಡದೆ ಆಕೆಯನ್ನು ಊರು ಬಿಟ್ಟು ಕಳಿಸಿದರೆ ಈ ಕೆಲಸ ಮಾಡಿ ಏನು ಬಂತು ಎನ್ನಿಸಿತು.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಕತ್ತರಿ ಕೆಳಗಿಟ್ಟಳು.

“ನೀವು ಅವರನ್ನ ಕ್ಯಾಮರಾ ಮುಂದೆ ನಿಲ್ಲಿಸೋಕೆ ಹೋಗ್ತೀರಲ್ಲ, ತಪ್ಪೇ ಅಲ್ಲಿದೆ. ಮೂವತ್ತು ವರ್ಷ ಅವರು ನಿಂತಿದ್ದೆಲ್ಲಿ?”

“ಕ್ಯಾಮರಾ ಪಕ್ಕ.”

“ಅಲ್ಲೇ ಬಿಡಿ ಅವರನ್ನ. ಮುಂದೆ ನೀವು ಹೋಗಿ ನಿಲ್ಲಿ.”

ಅವನು ಬಾಯಿ ಬಿಟ್ಟು ಅವಳನ್ನೇ ನೋಡಿದ. ಸ್ವಲ್ಪ ಹೊತ್ತಾದ ಮೇಲೆ ತಲೆಗೆ ಹೊಳೆಯಿತು. ಕೊರಳಲ್ಲಿ ಯಾವಾಗಲೂ ನೇತಾಡುವ ಸಣ್ಣ ಕ್ಯಾಮರಾದ ಸದ್ದು ನಿಲ್ಲಿಸಿ, ಹೊಟ್ಟೆಯ ಹತ್ತಿರವೇ ಇಟ್ಟುಕೊಂಡು, ನೋಡದೆ ಒತ್ತಿದರೆ? ಅದು ಅವನ ಮೈಯ ಭಾಗವೇ ಆಗಿಬಿಟ್ಟಿತ್ತು, ಯಾರಿಗೂ ಅನುಮಾನ ಬರುವಂತಿರಲಿಲ್ಲ.

“ಹೇಳದೆ ತೆಗೀತೀರಾ?” ಎಂದಳು ಹೆಂಡತಿ. “ಬೇಡ ಅಂದ್ರೆ?”

“ಅವರಿಗೆ ತೋರಿಸದೆ ಗೋಡೆಗೆ ಹೋಗಲ್ಲ. ಬೇಡ ಅಂದ್ರೆ ಅಲ್ಲೇ ಅಳಿಸಿಬಿಡ್ತೀನಿ.”

ನಾಲ್ಕು ದಿನ ಅಭ್ಯಾಸ ನಡೆಯಿತು. ಹೊಟ್ಟೆಯಿಂದ ಗುರಿಯಿಡುವುದು ಹೇಳಿದಷ್ಟು ಸುಲಭವಲ್ಲ. ಮೊದಲ ದಿನ ಹೆಂಡತಿಯ ಇಪ್ಪತ್ತು ಫೋಟೋ ತೆಗೆದ. ಇಪ್ಪತ್ತರಲ್ಲೂ ಛಾವಣಿಯ ಫ್ಯಾನು ಬಂತು. ಎರಡನೆಯ ದಿನ ಅಂಚೆಯವನು ಬಂದ, ಅವನ ಕುತ್ತಿಗೆಯವರೆಗೆ ಮಾತ್ರ ಸಿಕ್ಕಿತು. “ಮೂವತ್ತು ವರ್ಷದ ಅನುಭವ ನೋಡಿ,” ಎಂದು ಹೆಂಡತಿ ಪರದೆಯ ಮೇಲೆ ಒಂದೊಂದಾಗಿ ತೋರಿಸಿ ಚುಚ್ಚಿದಳು. ಮೂರನೆಯ ದಿನ ಅರ್ಧ ಮುಖ, ನಾಲ್ಕನೆಯ ದಿನ ಹತ್ತರಲ್ಲಿ ನಾಲ್ಕು ಪೂರ್ತಿ ಮುಖ. ಅಷ್ಟರಲ್ಲಿ ಶುಕ್ರವಾರ ಬಂದುಬಿಟ್ಟಿತು.

ಬಿಸಿಲು ಹದವಾಗಿತ್ತು. ಮಕ್ಕಳು ಮೆಟ್ಟಿಲು ತುಂಬಿದರು. ಆಯಮ್ಮ ಕಡೆಯ ಸಲ ಮೂಗು ಒರೆಸಿ, ಗುಂಡಿ ಹಾಕಿ, ಟವೆಲ್ಲನ್ನು ಹೆಗಲಿಗೆ ಎಸೆದುಕೊಂಡು ತನ್ನ ಜಾಗಕ್ಕೆ ಬಂದಳು. ಆಯ್ತಪ್ಪ ದೊಡ್ಡ ಕ್ಯಾಮರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದು, ಎಲ್ಲ ಹೊಂದಿಸಿಟ್ಟ.

“ಅಕ್ಕಾ, ಮೂವತ್ತು ವರ್ಷ ಆಯ್ತು, ಈ ಫೋಟೋದಲ್ಲಿ ಒಂದು ಸಲಾನೂ ನಾನಿಲ್ಲ. ಈ ಸಲ ನಾನೂ ನಿಂತ್ಕೋತೀನಿ. ನೀವು ಒತ್ತಿ.”

“ನಾನಾ? ಕೆಟ್ಟುಹೋದ್ರೆ?”

“ಒಂದೇ ಗುಂಡಿ. ದಿನಕ್ಕೆ ನೂರು ಗುಂಡಿ ಹಾಕೋರಿಗೆ ಇದೇನು ಮಹಾ.”

ಫೋಟೋ ತೆಗೆಸಿಕೊಳ್ಳಲು ಜಪ್ಪಯ್ಯ ಎಂದರೂ ಒಪ್ಪದ ಆಯಮ್ಮ, ಕೆಲಸ ಎಂದ ಕೂಡಲೇ ತೋಳೇರಿಸಿದಳು. ಅವನು ಹೋಗಿ ಮುಂದಿನ ಸಾಲಿನ ನಡುವೆ, ಹೆಡ್‌ಮೇಡಂ ಪಕ್ಕ ನಿಂತ. ಕೈ ಎರಡೂ ಹೊಟ್ಟೆಯ ಮೇಲೆ, ಸಣ್ಣ ಕ್ಯಾಮರಾದ ಮೇಲೆ. ಅವನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಮದುವೆಯ ದಿನವೂ ಅಷ್ಟು ಹೊಡೆದುಕೊಂಡಿರಲಿಲ್ಲ ಎಂದು ಆಮೇಲೆ ಅವನೇ ಹೇಳಿದ; ಹೆಂಡತಿ ಇಲ್ಲದಾಗ.

“ಒಂದು, ಎರಡು, ಮೂರು!” ಆಯಮ್ಮ ಒತ್ತಿದಳು. ತಲೆಯೆತ್ತಿ, ಥೇಟ್ ಅವನ ಧ್ವನಿಯಲ್ಲೇ, “ಆಯ್ತಪ್ಪಾ!” ಎಂದಳು. ನಾನೂರು ಮಕ್ಕಳು ಕಂಬದಂತೆ ಸೆಟೆದರು. ಅವರ ನಡುವೆ ಆಯ್ತಪ್ಪನೂ ಸೆಟೆದ. ಇಷ್ಟು ವರ್ಷ ಊರವರನ್ನು ನೋಡಿ ನಗುತ್ತಿದ್ದವನು ತಾನೇ ಗದ್ದ ಎತ್ತಿ, ಮೂವತ್ತೆರಡು ಹಲ್ಲೂ ಬಿಟ್ಟು ನಿಂತುಬಿಟ್ಟ. ಕೈಯ ಕೆಲಸ ಮರೆತೇಹೋಯಿತು.

ಆಯಮ್ಮ ಅವನನ್ನು ನೋಡಿದಳು. ಆಮೇಲೆ ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು:

“ಏ ಆಯ್ತಪ್ಪ! ಬಾಯಿ ಮುಚ್ಚು, ಹಲ್ಲು ಕಾಣ್ತಿದೆ!”

ಮಕ್ಕಳು ಘೊಳ್ಳೆಂದು ನಕ್ಕರು. ಹೆಡ್‌ಮೇಡಂ ನಕ್ಕು ಕನ್ನಡಕ ತೆಗೆದರು. ನಲವತ್ತು ವರ್ಷದ ಹಿಂದಿನ ಆ ಮಾತನ್ನು ತಿರುಗಿಸಿ ಎಸೆದ ಆಯಮ್ಮ, ಅದು ತನ್ನ ಬಾಯಿಂದ ಬಂದದ್ದಕ್ಕೋ, ಮಕ್ಕಳ ನಗುವಿಗೋ, ಇವನ ಪೆಚ್ಚು ಮುಖಕ್ಕೋ, ಸ್ಟ್ಯಾಂಡನ್ನು ಹಿಡಿದುಕೊಂಡು ಬಾಯಿ ತುಂಬ ನಕ್ಕಳು. ಆಯ್ತಪ್ಪನೂ ನಕ್ಕ. ಕಣ್ಣು ಮಂಜಾಯಿತು. ಬೆರಳು ಒತ್ತುತ್ತಿದೆಯೋ ಇಲ್ಲವೋ ಅವನಿಗೇ ತಿಳಿಯಲಿಲ್ಲ.

ಸ್ಟುಡಿಯೋಕ್ಕೆ ಬಂದು ಗಂಡ ಹೆಂಡತಿ ಇಬ್ಬರೂ ಪರದೆಯ ಮುಂದೆ ಕೂತರು. ಬೆರಳು ಹನ್ನೊಂದು ಸಲ ಒತ್ತಿತ್ತು. ಮೊದಲನೆಯದು ಆಕಾಶ. ಎರಡನೆಯದೂ ಆಕಾಶ. ಆಮೇಲೆ ಸ್ಟ್ಯಾಂಡಿನ ಕಾಲು, ಯಾವುದೋ ಮಗುವಿನ ಜುಟ್ಟು, ಬರೀ ಟವೆಲ್ಲು, ಮತ್ತೆ ಆಕಾಶ. ಹೆಂಡತಿ ಚುಚ್ಚಲಿಲ್ಲ, ಉಸಿರು ಹಿಡಿದು ಮುಂದಿನದನ್ನು ಒತ್ತುತ್ತಿದ್ದಳು. ಏಳು, ಎಂಟು. ಒಂಬತ್ತನೆಯದಕ್ಕೆ ಕೈ ನಿಂತಿತು.

ಫೋಟೋ ಸ್ವಲ್ಪ ವಾಲಿತ್ತು. ಕೆಳಗಿನ ಮೂಲೆಯಲ್ಲಿ ಒಂದು ಮಗುವಿನ ಜುಟ್ಟು ನುಸುಳಿತ್ತು. ನಡುವೆ ಆಯಮ್ಮ: ಒಂದು ಕೈ ಕ್ಯಾಮರಾದ ಮೇಲೆ, ಟವೆಲ್ಲು ಹೆಗಲಿನಿಂದ ಜಾರುತ್ತಿದೆ, ಕಣ್ಣು ಅರ್ಧ ಮುಚ್ಚಿದೆ, ಬಾಯಿ ಪೂರ್ತಿ ತೆರೆದಿದೆ. ಉಬ್ಬು ಹಲ್ಲುಗಳು ಬಿಸಿಲಿಗೆ ಹೊಳೆಯುತ್ತಿವೆ. ಮೂವತ್ತು ವರ್ಷ ಮಕ್ಕಳು ಕಂಡ ಮುಖ ಅದು. ಫೋಟೋಗಳು ಮಾತ್ರ ಕಂಡಿರಲಿಲ್ಲ.

“ನೆಟ್ಟಗೆ ಮಾಡ್ಲಾ? ಜುಟ್ಟು ತೆಗೀಲಾ?” ಎಂದಳು ಹೆಂಡತಿ, ಮೆಲ್ಲಗೆ.

“ಏನೂ ಮುಟ್ಟಬೇಡ.”

ಮರುದಿನ ಬೆಳಿಗ್ಗೆ, ಬೀಳ್ಕೊಡುಗೆಗೆ ಇನ್ನೂ ಎರಡು ತಾಸು ಇರುವಾಗ, ಅವನು ಕಾಗದದಲ್ಲಿ ಸುತ್ತಿದ ಚೌಕಟ್ಟನ್ನು ಹಿಡಿದು ಶಾಲೆಗೆ ಹೋದ. ಪಡಸಾಲೆಯಲ್ಲಿ ಏಳು ಮುಖ್ಯೋಪಾಧ್ಯಾಯರು ಬಾಯಿ ಮುಚ್ಚಿಕೊಂಡು ಸಾಲಾಗಿದ್ದರು. ಆಯಮ್ಮ ಅವರ ಗಾಜು ಒರೆಸುತ್ತಿದ್ದಳು. ಅವನು ಕಾಗದ ಬಿಚ್ಚಿದ. ಹೇಗೆ ತೆಗೆದೆ, ಯಾಕೆ ತೆಗೆದೆ, ಒಂದೂ ಮುಚ್ಚಿಡದೆ ಹೇಳಿದ.

“ಬೇಡ ಅಂದ್ರೆ ಬೇಡ ಅಕ್ಕಾ. ಗುರುತುಚೀಟಿ ಫೋಟೋನೂ ದೊಡ್ಡದು ಮಾಡಿ ತಂದಿದ್ದೀನಿ. ನೀವು ಹೇಳಿದ್ದನ್ನೇ ಹಾಕ್ತೀನಿ.”

ಆಯಮ್ಮ ಟವೆಲ್ಲಿನಿಂದ ಕೈ ಒರೆಸಿಕೊಂಡು ಚೌಕಟ್ಟನ್ನು ತೆಗೆದುಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ಕೈ ತಾನಾಗಿ ಬಾಯಿಯ ಮೇಲೆ ಹೋಯಿತು. ಅಪ್ಪ ಒಂದು ಸಲ ನೋಯಿಸಿದ್ದರು, ತಾನು ಇನ್ನೊಂದು ಸಲ ನೋಯಿಸಿದೆನೇ ಎಂದುಕೊಂಡ ಆಯ್ತಪ್ಪ.

“ಹಲ್ಲು ಕಾಣ್ತಿದೆ,” ಎಂದಳು ಆಕೆ.

“ಕಾಣ್ತಿದೆ ಅಕ್ಕಾ.”

“ನಿಮ್ಮಪ್ಪ ಇದ್ದಿದ್ರೆ ಫೋಟೋ ಕೆಡ್ತು ಅಂತಿದ್ರು.”

“ಅಂತಿದ್ರು. ಅಪ್ಪನಿಗೆ ಅದೊಂದು ಗೊತ್ತಾಗ್ತಿರಲಿಲ್ಲ ಅಕ್ಕಾ.” ಅವನು ಗೋಡೆಯ ಕಡೆ ಕೈ ತೋರಿಸಿದ. “ಗೋಡೆಗೆ ಹಾಕ್ಲಾ?”

ಆಯಮ್ಮ ಬಾಯಿಯ ಮೇಲಿನ ಕೈ ತೆಗೆದಳು. ಗೋಡೆಯ ಖಾಲಿ ಜಾಗ ನೋಡಿದಳು, ಮತ್ತೆ ಫೋಟೋ ನೋಡಿದಳು.

“ಆಯ್ತಪ್ಪ,” ಎಂದಳು.

ಅವನನ್ನು ಕರೆದದ್ದಲ್ಲ, ಒಪ್ಪಿದ್ದು. ಹಾಗೆಂದು ಉಸಿರು ಬಿಟ್ಟು, ಅವನ ಕಡೆ ತಿರುಗಿ, ಬಾಯಿ ಮುಚ್ಚದೆ ನಕ್ಕಳು. ಸಣ್ಣ ಕ್ಯಾಮರಾ ಎಂದಿನಂತೆ ಅವನ ಕೊರಳಲ್ಲೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ. ಸುಮ್ಮನೆ ನಿಂತು ನೋಡಿದ, ಆಮೇಲೆ ಮೊಳೆ ಸುತ್ತಿಗೆ ತರಲು ಹೋದ.